ನಾಲ್ಕು ವರ್ಷದ ಬಾಯಿ

ಜೂನ್ ೧೭, ಸೋಮವಾರ

ನಮ್ಮ ಬಚ್ಚಲಿಗೆ ಮೊಸಳೆ ಬಂದಿದೆ. ಹೆಸರು ಮಗರೂ. ಹಿತೇಶನ ಹಳೆಯ ಮೊಬೈಲಿನೊಳಗೆ ವಾಸ. ಮೊಬೈಲನ್ನು ಸಾಬೂನಿನ ಗೂಡಿಗೆ ಒರಗಿಸಿ, ಮೊಮ್ಮಗಳು ಯಕ್ಷಿತಾಳನ್ನು ಸ್ಟೂಲಿನ ಮೇಲೆ ನಿಲ್ಲಿಸಿದರೆ, ಮೊಸಳೆ ಹಿಂದಿಯಲ್ಲಿ ಹಾಡುತ್ತ ತಾನೂ ಹಲ್ಲುಜ್ಜುತ್ತದೆ. ಪರದೆಯ ಮೂಲೆಯಲ್ಲಿ ಒಂದು ಬಾಯಿಯ ಚಿತ್ರ. ಯಾವ ಹಲ್ಲು ಉಜ್ಜಬೇಕೋ ಅದರ ಮೇಲೆ ಹಸಿರು ಹುಳಗಳು ಕುಣಿಯುತ್ತವೆ. ಬ್ರಶ್ ಆಡಿದ್ದು ಕ್ಯಾಮೆರಾಕ್ಕೆ ಕಂಡರೆ ಹುಳ ಸಾಯುತ್ತದೆ. ಎಲ್ಲ ಸತ್ತರೆ ಒಂದು ನಕ್ಷತ್ರ.

"ಮಗು ಬಚ್ಚಲಲ್ಲಿ ನಿಂತದ್ದನ್ನು ಕ್ಯಾಮೆರಾ ನೋಡ್ತದಲ್ಲ, ಆ ಚಿತ್ರ ಎಲ್ಲಿಗೆ ಹೋಗ್ತದೆ?" ಎಂದು ಮಗನನ್ನು ಕೇಳಿದೆ.

"ಎಲ್ಲಿಗೂ ಇಲ್ಲಪ್ಪ. ಫೋನಿನೊಳಗೇ ಇರ್ತದಂತೆ."

"ಅಂತೆ ಅಂತ ಹೇಳಿದ್ದು ಯಾರು?"

"ಆ್ಯಪಿನವರೇ."

ಮೂವತ್ತು ವರ್ಷ ವಿಮಾ ಕಂಪನಿಯಲ್ಲಿ ಕೂತು ಕ್ಲೇಮು ಪರಿಶೀಲಿಸಿದವನು ನಾನು. ಒಬ್ಬ ತನ್ನ ಬಗ್ಗೆ ತಾನೇ ಕೊಟ್ಟುಕೊಂಡ ಸರ್ಟಿಫಿಕೇಟನ್ನು ಯಾವತ್ತೂ ಫೈಲಿಗೆ ಸೇರಿಸಿಕೊಂಡವನಲ್ಲ. ಇದರ ಬಗ್ಗೆ ಪೇಪರಿಗೆ ಬರೆಯಲೇಬೇಕು.

"ಬರೀರಿ ಬರೀರಿ," ಎಂದಳು ರಾಜೀವಿ ಅಡುಗೆಮನೆಯಿಂದ. "ನೀವು ಬರೆದು ಮುಗಿಸುವಾಗ ಮಗುವಿಗೆ ಹೊಸ ಹಲ್ಲು ಬಂದಿರ್ತದೆ."

ಮದುವೆಯಾಗಿ ನಲವತ್ತೈದು ವರ್ಷವಾದರೂ ಹೆಂಡತಿಗೆ ನನ್ನ ಪತ್ರಗಳ ಬಗ್ಗೆ ಗೌರವ ಹುಟ್ಟಲಿಲ್ಲ.

ಜೂನ್ ೧೮

ಮೊಸಳೆ ಯಾಕೆ ಬಂತು ಎಂಬುದನ್ನೂ ಬರೆದಿಡಬೇಕು. ಇಲ್ಲದಿದ್ದರೆ ಮುಂದೆ ಓದುವಾಗ ನನಗೇ ಅನ್ಯಾಯವೆನಿಸೀತು.

ಮೇ ತಿಂಗಳ ಕೊನೆಯಲ್ಲಿ ಯಕ್ಷಿತಾಳ ಎರಡು ಹಾಲುಹಲ್ಲು ಹುಳುಕಾಗಿ ಸ್ಟೇಷನ್ ಹತ್ತಿರದ ಡಾಕ್ಟರ್ ಮಾಧುರಿಯವರಲ್ಲಿ ಸಿಮೆಂಟು ತುಂಬಿಸಿದರು. ನಾನು ಹೋಗಿರಲಿಲ್ಲ. ಹಿತೇಶ ಕಾಲು ಹಿಡಿದನಂತೆ, ಸೊಸೆ ಶ್ರೇಯಾ ಕೈ ಹಿಡಿದಳಂತೆ, ನರ್ಸ್ ತಲೆ. ಅಂದಿನಿಂದ ಮಗುವಿನ ಬಾಯಿ ಶಟರ್ ಎಳೆದ ಅಂಗಡಿ. ಬ್ರಶ್ ಕಂಡರೆ ಮಂಚದ ಕೆಳಗೆ. ಡಾಕ್ಟರು ಸ್ಪಷ್ಟವಾಗಿ ಹೇಳಿದ್ದಾರೆ: ಆಗಸ್ಟ್ ಕೊನೆಗೆ ಮತ್ತೆ ನೋಡುತ್ತೇನೆ, ಆಗ ಹೊಸ ಹುಳುಕು ಕಂಡು ಮಗು ಹೀಗೆಯೇ ಬಾಯಿ ಮುಚ್ಚಿದರೆ, ಆಸ್ಪತ್ರೆಗೆ ಸೇರಿಸಿ, ಪ್ರಜ್ಞೆ ತಪ್ಪಿಸಿ ಮಾಡಬೇಕು. ಆರು ವರ್ಷದ ಮಗುವಿಗೆ! ಶ್ರೇಯಾ ಅವತ್ತು ಊಟ ಮಾಡಲಿಲ್ಲ.

ಹಿತೇಶ ಕುರ್ಲಾದಲ್ಲಿ ಹೊಟೇಲ್ ಮ್ಯಾನೇಜರು; ಇಡ್ಲಿ ಹಬೆಗೇರುವ ಮೊದಲೇ ಅಲ್ಲಿರಬೇಕು. ಶ್ರೇಯಾ ಏಳು ಗಂಟೆಯ ಲೋಕಲ್ ಟ್ರೇನು ಹಿಡಿಯುತ್ತಾಳೆ. ಹಾಗಾಗಿ ಬೆಳಗಿನ ಮೊಸಳೆ ಉಸ್ತುವಾರಿ ಈ ಮುಲುಂಡಿನ ಹಿರಿಯ ನಾಗರಿಕನ ಪಾಲಿಗೆ ಬಂದಿದೆ.

ನಾನು ಡೆಂಟಿಸ್ಟರ ಮೆಟ್ಟಿಲು ಹತ್ತಿದವನಲ್ಲ. ಅಗತ್ಯ ಬೀಳಲಿಲ್ಲ.

ಜೂನ್ ೨೦

ಕೆಳಗಿನ ಅಂಗಡಿಯಲ್ಲಿ ಕಪ್ಪು ಟೂತ್‌ಪೇಸ್ಟ್ ನೋಡಿದೆ. ಇದ್ದಿಲು ಹಾಕಿದ್ದಂತೆ. ಬೆಲೆ ಬಿಳಿಯದಕ್ಕಿಂತ ಎರಡು ಪಟ್ಟು.

ನಾನು ಮೂರನೆಯ ಕ್ಲಾಸಿನಲ್ಲಿದ್ದಾಗ ಊರಿನ ಶಾಲೆಗೆ ಒಂದು ವ್ಯಾನು ಬಂದಿತ್ತು. ಪ್ಯಾಂಟು ಹಾಕಿದವನೊಬ್ಬ ಇಳಿದು, ಭತ್ತದ ಹೊಟ್ಟು ಸುಟ್ಟ ಉಮಿಕರಿಯಲ್ಲಿ ಹಲ್ಲುಜ್ಜುವವರು ಕಾಡುಜನರೆಂದು ಭಾಷಣ ಮಾಡಿ, ಎಲ್ಲರಿಗೂ ಬಿಳಿ ಪುಡಿಯ ಸಣ್ಣ ಡಬ್ಬ ಕೊಟ್ಟ. ಅಮ್ಮ ಅದೇ ದಿನ ಉಮಿಕರಿಯ ಕರಟವನ್ನು ಬೂದಿಗುಂಡಿಗೆ ಎಸೆದಳು, ನಾಚಿಕೆಯಿಂದ. ಅಂದು ಎಸೆಯಲು ಹೇಳಿದವರೇ ಇಂದು ಅದನ್ನು ಟ್ಯೂಬಿನಲ್ಲಿ ತುಂಬಿ ಮಾರುತ್ತಿದ್ದಾರೆ. ಅಮ್ಮನ ನಾಚಿಕೆಗೆ ಯಾರು ಪರಿಹಾರ ಕೊಡುತ್ತಾರೆ? ಈ ಪ್ರಶ್ನೆಯನ್ನೇ ಪತ್ರದ ಮೊದಲ ಸಾಲು ಮಾಡುತ್ತೇನೆ.

ಬಿಳಿ ಪುಡಿ ಸಿಹಿಯಾಗಿತ್ತು ಎಂಬುದನ್ನು ಮಾತ್ರ ಬರೆಯುವುದಿಲ್ಲ. ನಾವು ಅದನ್ನು ಮನೆ ತಲುಪುವ ಮೊದಲೇ ನೆಕ್ಕಿ ಮುಗಿಸಿದ್ದೆವು.

ಜೂನ್ ೨೩, ಭಾನುವಾರ

ಒಂದು ವಾರ, ಒಂದು ದಿನವೂ ತಪ್ಪಿಲ್ಲ. ಮಂಚದ ಕೆಳಗೆ ಓಡುತ್ತಿದ್ದವಳು ತಾನೇ ಸ್ಟೂಲು ಎಳೆದುಕೊಳ್ಳುತ್ತಾಳೆ.

ಒಪ್ಪಬೇಕಾದದ್ದನ್ನು ಒಪ್ಪಬೇಕು. ಆದರೆ ಯಾಕೆ? ಅಪ್ಪ, ಅಮ್ಮ, ಅಜ್ಜಿ ಹೇಳಿದಾಗ ತೆರೆಯದ ಬಾಯಿ ಒಂದು ಚಿತ್ರಕ್ಕೆ ಯಾಕೆ ತೆರೆಯುತ್ತದೆ?

ಜೂನ್ ೨೬

ಪ್ರಯೋಗ ಒಂದು. ಮೊಬೈಲ್ ತೆಗೆದಿಟ್ಟು, ಮಗರೂವಿನ ದನಿಯಲ್ಲಿ ನಾನೇ ಹಾಡಿದೆ. ಯಕ್ಷಿತಾ ಬಿದ್ದು ಬಿದ್ದು ನಕ್ಕಳು, "ಅಜ್ಜ, ಆಪ್ ಪಾಗಲ್ ಹೋ!" ಎಂದಳು, ಬಾಯಿ ಮುಚ್ಚಿದಳು. ಹಾಡಿನಿಂದ ಅಲ್ಲ ಎಂದಾಯಿತು.

ಪ್ರಯೋಗ ಎರಡು. ನಕ್ಷತ್ರ ಬರದ ಹಾಗೆ ಇಂಟರ್ನೆಟ್ ಆಫ್ ಮಾಡಿದೆ. ನಕ್ಷತ್ರ ಬಂತು. ಇಂಟರ್ನೆಟ್ ಬೇಕಿಲ್ಲವಂತೆ. ಹಾಗಾದರೆ ಚಿತ್ರ ಫೋನಿನೊಳಗೇ ಇರುತ್ತದೆ ಎಂದದ್ದು ನಿಜವಿರಲೂಬಹುದು. ಪತ್ರದ ಎರಡನೆಯ ಪ್ಯಾರಾ ತಿದ್ದಬೇಕು.

ಜೂನ್ ೩೦

ಸಿಕ್ಕಿತು ಅನಿಸುತ್ತದೆ.

ನಾವೆಲ್ಲ ಅವಳ ಬಾಯಿಯೊಳಗೆ ಇಣುಕುತ್ತೇವೆ. ಮೊಸಳೆ ಇಣುಕುವುದಿಲ್ಲ. ಅದು ತನ್ನ ಪಾಡಿಗೆ ತನ್ನ ಹಲ್ಲು ಉಜ್ಜಿಕೊಳ್ಳುತ್ತದೆ. ಮೂವರು ಹಿಡಿದುಕೊಂಡು ಒಳಗೆ ನೋಡಿದ ಬಾಯಿಗೆ, ತನ್ನನ್ನು ನೋಡದಿರುವ ಒಬ್ಬ ಬೇಕಿದ್ದಾನೆ.

ಪರೀಕ್ಷಿಸಲು ನನ್ನ ಬ್ರಶ್ ತಂದು ಅವಳ ಪಕ್ಕ ನಿಂತು ಗೋಡೆಯ ಟೈಲ್ಸ್ ನೋಡುತ್ತ ಉಜ್ಜಿದೆ. ಯಕ್ಷಿತಾ ಓರೆಗಣ್ಣಿನಲ್ಲಿ ನೋಡಿದಳು.

"ಅಜ್ಜ, ಇಷ್ಟು ಫಾಸ್ಟ್ ಮಾಡಬಾರ್ದು. ಗೋಲ್ ಗೋಲ್. ಮಗರೂಗೆ ನೋಡಿ."

ನಿಧಾನ ಮಾಡಿದೆ. ಗೋಲ್ ಗೋಲ್.

ಜುಲೈ ೮

ರಾತ್ರಿಯಿಡೀ ಮಳೆ. ಲೋಕಲ್ ಬಂದ್. ಹಿತೇಶ ಮನೆಯಲ್ಲೇ. ಬೆಳಿಗ್ಗೆ ಬಚ್ಚಲಿನ ಬಾಗಿಲಲ್ಲಿ ನಿಂತು, "ಇವತ್ತು ನಾನು ನಿಲ್ತೇನೆ, ನೀವು ಪೇಪರ್ ಓದಿ ಅಪ್ಪ," ಎಂದ. ಯಕ್ಷಿತಾ, "ನಹೀ, ಅಜ್ಜ," ಎಂದಳು.

ಪೇಪರ್ ಬಂದಿರಲೂ ಇಲ್ಲ, ಮಳೆಗೆ.

ಜುಲೈ ೧೪, ಭಾನುವಾರ

ನೀರುದೋಸೆಗೆ ಕೋಳಿಸಾರು. ಊಟದ ಹೊತ್ತಿಗೆ ಗಮನಿಸಿದೆ: ಯಕ್ಷಿತಾ ಬಲಗಡೆಯಲ್ಲಿ ಮಾತ್ರ ಜಗಿಯುತ್ತಾಳೆ. ಕೋಳಿಯ ತುಂಡು ಎಡಕ್ಕೆ ಹೋದರೆ ನಾಲಿಗೆಯಲ್ಲಿ ದೂಡಿ ಬಲಕ್ಕೆ ತರುತ್ತಾಳೆ.

"ಇವಳ ಎಡಗಡೆ ಏನೋ ಉಂಟು," ಎಂದೆ.

"ನಿಮ್ಮನ್ನು ನೋಡಿ ಕಲಿತದ್ದು," ಎಂದಳು ರಾಜೀವಿ. "ನೀವೂ ಎರಡು ವರ್ಷದಿಂದ ಬಲಗಡೆಯಲ್ಲೇ ಅಗಿಯೋದು."

"ನನ್ನದು ವಯಸ್ಸು."

"ಹೌದು ಮಾರಾಯ್ರೆ. ಎಡಗಡೆಗೆ ಮಾತ್ರ ವಯಸ್ಸಾಗಿದೆ."

ಹಿತೇಶ ಮೊಬೈಲ್ ತೋರಿಸಿದ. ಇಪ್ಪತ್ತೆಂಟು ದಿನ, ಎಲ್ಲ ಹಲ್ಲಿಗೂ ಪೂರ್ಣ ಅಂಕ. "ನೋಡಿ, ನೂರಕ್ಕೆ ನೂರು! ಎಂತ ಹುಳುಕು ಬರ್ತದೆ?"

ಪೂರ್ಣ ಅಂಕದ ಫೈಲುಗಳನ್ನೇ ನಾನು ಆಫೀಸಿನಲ್ಲಿ ಎರಡು ಸಲ ಓದುತ್ತಿದ್ದೆ.

ಜುಲೈ ೨೧, ಭಾನುವಾರ

ಇವತ್ತು ದೊಡ್ಡ ದಿನ. ಕ್ರಮವಾಗಿ ಬರೆಯುತ್ತೇನೆ.

ವಾರವಿಡೀ ಅವಳ ಬ್ರಶ್ ನೋಡುತ್ತಿದ್ದೆ, ಬಾಯಿಯನ್ನಲ್ಲ. ಮೊಸಳೆ ಹೇಳಿದಂತೆಯೇ ಹೋಗುತ್ತದೆ: ಮುಂದಿನಿಂದ ಹಿಂದಕ್ಕೆ. ಚಿತ್ರದಲ್ಲಿ ಕೊನೆಯ ಹಲ್ಲಿನ ಹುಳ ಸತ್ತ ಕ್ಷಣಕ್ಕೆ ಅವಳು ಬ್ರಶ್ ಹೊರಗೆಳೆಯುತ್ತಾಳೆ. ಕೂದಲಿನಷ್ಟೂ ಮುಂದೆ ಹೋಗುವುದಿಲ್ಲ. ಚಿತ್ರದ ಹಲ್ಲುಗಳನ್ನು ಎಣಿಸಿದೆ. ಮೇಲೆ ಹತ್ತು, ಕೆಳಗೆ ಹತ್ತು.

ಯಕ್ಷಿತಾಳಿಗೆ ಹೇಳಿದೆ, "ನನ್ನ ಬಾಯಲ್ಲಿ ಎಷ್ಟು ಹಲ್ಲು ಉಂಟು, ನೋಡಿ ಹೇಳ್ತೀಯಾ?" ಟಾರ್ಚು ಅವಳ ಕೈಗೇ ಕೊಟ್ಟೆ. ಎಪ್ಪತ್ತೊಂದು ವರ್ಷದ ಬಾಯಿ ತೆರೆದು ಕೂತೆ.

"ಛೀ, ಅಜ್ಜ! ಇಲ್ಲಿ ಬ್ಲ್ಯಾಕ್ ಇದೆ. ಇಲ್ಲಿ ಗಡ್ಡಾ ಇದೆ, ಗುಂಡಿ. ಇಲ್ಲಿ ಕುಛ್ ಭೀ ನಹೀ!"

"ಇದ್ದದ್ದನ್ನು ಎಣಿಸು ಮಗಾ."

ಇಪ್ಪತ್ತೊಂದು ಎಂದಳು. ಮತ್ತೆ ಎಣಿಸಿ ಇಪ್ಪತ್ತೊಂದೇ ಎಂದಳು. ಆಮೇಲೆ ಟಾರ್ಚನ್ನು ನನ್ನ ಕೈಗಿಟ್ಟು, "ನಂದು?" ಎಂದು ತಾನಾಗಿ ಬಾಯಿ ತೆರೆದಳು. ಮೇ ತಿಂಗಳಿನಿಂದ ಯಾರಿಗೂ ತೆರೆಯದ ಬಾಯಿ. ಹಳೆಯ ಟಾರ್ಚನ್ನು ತೊಡೆಗೆ ಎರಡು ಸಲ ಬಡಿದು ಬೆಳಗಿಸಿದೆ.

ಇಪ್ಪತ್ತೆರಡು! ಕೆಳಗಡೆ, ಎರಡೂ ಬದಿಯ ತುದಿಯಲ್ಲಿ, ಒಂದೊಂದು ಅಗಲವಾದ ಹೊಸ ಹಲ್ಲು. ಎಡಗಡೆಯದರ ಸಂದಿನಲ್ಲಿ ಕಂದು ಚುಕ್ಕೆ.

"ನಂದು ಜಾಸ್ತಿ! ಅಜ್ಜಂದು ಕಮ್ಮಿ!" ಎಂದು ಕುಣಿಯುತ್ತ ಅಜ್ಜಿಗೆ ಹೇಳಲು ಓಡಿದಳು.

ಅಂದರೆ ಆ್ಯಪಿನವರಿಗೆ ಮಗುವಿನ ಬಾಯಿಯಲ್ಲಿ ಎಷ್ಟು ಹಲ್ಲಿರುತ್ತದೆ ಎಂಬುದೇ ಗೊತ್ತಿಲ್ಲ! ಹೇಳಿದ್ದನ್ನು ತಪ್ಪದೆ ಮಾಡಿದ ಮಗುವಿಗೆ, ಹೇಳದೆ ಬಿಟ್ಟ ಜಾಗದಲ್ಲೇ ಹುಳುಕು. ಕಂಪನಿಗೆ ನೇರವಾಗಿ ಮೇಲ್ ಮಾಡಿದ್ದೇನೆ, ಇಂಗ್ಲಿಷಿನಲ್ಲಿ, ಎರಡು ಪುಟ. ಉತ್ತರ ಬಾರದಿದ್ದರೆ ಗ್ರಾಹಕರ ವೇದಿಕೆ.

ಹಿತೇಶನದು ಬೇರೆಯೇ ಮಾತು. "ಹಾಲುಹಲ್ಲಪ್ಪ, ಬಿದ್ದು ಹೋಗ್ತದೆ ಬಿಡಿ." ಶ್ರೇಯಾ ಆಗಲೇ ಡಾಕ್ಟರಿಗೆ ಫೋನ್ ಹಚ್ಚಿದಳು. ಡಾಕ್ಟರು ಹೇಳಿದ್ದು: ಆರು ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಬರುವ ದವಡೆಹಲ್ಲು ಅದು. ಬೀಳುವುದಲ್ಲ. ಸಾಯುವತನಕ ಇರಬೇಕಾದದ್ದು. ಕೂಡಲೇ ಕರೆತನ್ನಿ.

ಜುಲೈ ೨೩

ಕಂಪನಿಯ ಉತ್ತರ ಬಂತು. ಮೊದಲ ಸಾಲಿನಲ್ಲಿ ಧನ್ಯವಾದ, ಎರಡನೆಯದರಲ್ಲಿ ನಮ್ಮ ಅನುಭವಕ್ಕೆ ಎಷ್ಟು ಸ್ಟಾರ್ ಕೊಡುತ್ತೀರಿ ಎಂಬ ಪ್ರಶ್ನೆ. ನನ್ನ ರಕ್ತ ಕುದಿಯಿತು. ಮೂರನೆಯ ಸಾಲು: ಚಿತ್ರದಲ್ಲಿ ಕಾಣುವ ಹಲ್ಲುಗಳು ನೀವು ನಮೂದಿಸಿದ ವಯಸ್ಸನ್ನು ಅವಲಂಬಿಸಿವೆ; ದಯವಿಟ್ಟು ಪ್ರೊಫೈಲ್ ಪರೀಕ್ಷಿಸಿ.

ಪರೀಕ್ಷಿಸಿದೆ. ಯಕ್ಷಿತಾ, ವಯಸ್ಸು ನಾಲ್ಕು.

ಹಿತೇಶ ಬಂದ ಮೇಲೆ ಮೊಬೈಲನ್ನು ಅವನ ತಟ್ಟೆಯ ಪಕ್ಕದಲ್ಲಿಟ್ಟೆ.

"ಅದು… ಐದರ ಒಳಗಿನವರಿಗೆ ಫ್ರೀ ಅಂತ ಇತ್ತಪ್ಪ. ಮೇಲಿನವರಿಗೆ ತಿಂಗಳು ತಿಂಗಳು ದುಡ್ಡು. ಹಲ್ಲುಜ್ಜಲಿಕ್ಕೆ ಎಂತ ದುಡ್ಡು ಅಂತ… ಕೈ ತಾನಾಗಿ ನಾಲ್ಕು ಒತ್ತಿತು."

ಕೈ ತಾನಾಗಿ ಒತ್ತುತ್ತದೆ, ಸರಿಯೇ. ಐದು ತುಂಬದವರಿಗೆ ಟಿಕೆಟ್ ಬೇಡವೆಂದು ಇವನೂ ಲೋಕಲ್ ಟ್ರೇನಿನಲ್ಲಿ ಮೂರು ವರ್ಷಗಳ ಕಾಲ ನಾಲ್ಕು ವರ್ಷದವನಾಗಿಯೇ ಉಳಿದವನು. ಟಿಸಿ ಕಂಡ ಕೂಡಲೇ ರಾಜೀವಿ ಇವನನ್ನು ಸೊಂಟಕ್ಕೇರಿಸುತ್ತಿದ್ದಳು. ಕಾಲು ಅವಳ ಮೊಣಕಾಲಿನವರೆಗೆ ಜೋತು ಬೀಳುತ್ತಿತ್ತು. ನಾನು ಜೊತೆಗಿದ್ದ ದಿನ ಹಾಫ್ ಟಿಕೆಟ್ ತೆಗೆದೇ ತೆಗೆಯುತ್ತಿದ್ದೆ. ಅದಕ್ಕೇ ಅವರು ನನ್ನನ್ನು ಬಿಟ್ಟು ಹೋಗುತ್ತಿದ್ದರು. ನಮ್ಮ ಚಾಳಿನಲ್ಲಿ ಐದು ತುಂಬಿದ ಮಕ್ಕಳೇ ಇರಲಿಲ್ಲ; ನಾಲ್ಕಾದ ಮೇಲೆ ನೇರ ಎಂಟು.

ಸುಳ್ಳು ವಯಸ್ಸು ಕೊಟ್ಟರೆ ಪಾಲಿಸಿ ರದ್ದು ಎಂದು ಎಷ್ಟು ಜನರಿಗೆ ಪತ್ರ ಬರೆದಿದ್ದೇನೆ ನಾನು! ಇಲ್ಲಿ ಟಿಸಿಯೂ ಇರಲಿಲ್ಲ, ಫೈನೂ ಇರಲಿಲ್ಲ. ಫೈನು ಮಗುವಿನ ದವಡೆಯಲ್ಲಿ ಬಿತ್ತು.

ಹೇಳಬೇಕಾದದ್ದು ಬಹಳ ಇತ್ತು. ಹಿತೇಶ ತಟ್ಟೆ ನೋಡುತ್ತ ಕೂತಿದ್ದ. ರಾಜೀವಿ ನನ್ನನ್ನು ನೋಡದೆ ಅವನಿಗೆ ಇನ್ನೊಂದು ಸೌಟು ಸಾರು ಹಾಕಿದಳು. ಮೊಬೈಲನ್ನು ಅವನ ತಟ್ಟೆಯ ಪಕ್ಕದಿಂದ ತೆಗೆದೆ.

ಜುಲೈ ೨೪

ವಯಸ್ಸು ಆರು ಎಂದು ತಿದ್ದಿ, ದುಡ್ಡು ಕಟ್ಟಿ ಆಯಿತು. ಚಿತ್ರದಲ್ಲಿ ನಾಲ್ಕು ಮೂಲೆಗೂ ಒಂದೊಂದು ಹಲ್ಲು ಮೊಳೆಯಿತು. "ಅರೇ! ಮಗರೂಗೂ ಬಂತು!" ಎಂದಳು ಯಕ್ಷಿತಾ. ಬ್ರಶ್ ಈಗ ತುದಿಯವರೆಗೆ ಹೋಗುತ್ತದೆ.

ಪತ್ರದ ಕರಡು ಎಲ್ಲಿಟ್ಟೆನೋ, ಸಿಗಲಿಲ್ಲ.

ಆಗಸ್ಟ್ ೩, ಶನಿವಾರ

ಮಗ ಸೊಸೆ ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿದ್ದು ಇವತ್ತೇ; ಕ್ಲಿನಿಕ್ಕಿಗೆ ಹೋದರು. ನಾನು ಹೋಗಲಿಲ್ಲ, ಸೊಸೈಟಿಯ ಮೀಟಿಂಗ್ ಇತ್ತು. (ಮೀಟಿಂಗ್ ಐದಕ್ಕಿತ್ತು. ಅವರು ಹೋದದ್ದು ಹನ್ನೊಂದಕ್ಕೆ.)

ಕುರ್ಚಿಯ ಮೇಲೆ ಹತ್ತಿದ್ದಾಳೆ. ಬಾಯಿ ತೆರೆಯಲಿಲ್ಲ. ಮಗರೂವನ್ನು ಹಚ್ಚಿ ತೋರಿಸಿದರೂ ಇಲ್ಲ. ಡಾಕ್ಟರ ಕೈಯಲ್ಲಿದ್ದದ್ದು ಬ್ರಶ್ ಅಲ್ಲವಲ್ಲ. ಈ ಸಲ ಯಾರೂ ಹಿಡಿಯಬಾರದು ಎಂದು ಡಾಕ್ಟರೇ ಹೇಳಿದರಂತೆ. ಆಗಸ್ಟ್ ಮೂವತ್ತೊಂದಕ್ಕೆ ಕೊನೆಯ ಪ್ರಯತ್ನ; ಅದಕ್ಕಿಂತ ಹೆಚ್ಚು ಕಾಯಿಸಿದರೆ ಚುಕ್ಕೆ ನರದವರೆಗೆ ಇಳಿದೀತು. ಆಗಲೂ ತೆರೆಯದಿದ್ದರೆ ಆಸ್ಪತ್ರೆಯಲ್ಲಿ ದಿನ ಗೊತ್ತು ಮಾಡುವುದು.

"ಯಾಕೆ ತೆರೆಯಲಿಲ್ಲ ಮಗಾ?" ಎಂದು ಸಂಜೆ ಕೇಳಿದೆ.

"ಅಲ್ಲಿ ನಾನು ಅಕೇಲಿ, ಒಬ್ಬಳೇ. ಸಬ್ ಲೋಗ್ ನೋಡ್ತಾರೆ."

ನನ್ನದೇ ಸಿದ್ಧಾಂತ. ಜೂನ್ ಮೂವತ್ತರಂದು ಬರೆದದ್ದು. ಸರಿಯೆಂದು ಸಾಬೀತಾಗಿ ಖುಷಿಯೇನೂ ಆಗಲಿಲ್ಲ.

ಆಗಸ್ಟ್ ೧೨

ರಾತ್ರಿ ಊಟದ ಮೇಲೂ ಉಜ್ಜಬೇಕೆಂದು ಮಗರೂವಿನ ಹೊಸ ನಿಯಮ. ಬೆಳಿಗ್ಗೆ ಒಂದು ಸಲ ಸಾಕು ಎಂದು ಎಪ್ಪತ್ತು ವರ್ಷ ಬದುಕಿದ್ದೇನೆ. ಆದರೆ ಅವಳೊಬ್ಬಳನ್ನೇ ಬಿಡಲಾಗದು.

ಆಗಸ್ಟ್ ೨೭, ಮಂಗಳವಾರ

ನಿನ್ನೆ ಅಷ್ಟಮಿ. ರಾಜೀವಿ ಚಕ್ಕುಲಿ, ಉಂಡೆ ಎಲ್ಲ ಮಾಡಿದ್ದಳು. ಮರೆತು ಎಡಗಡೆಯಲ್ಲಿ ಕಚ್ಚಿದೆ. 'ಕಟ್' ಎಂಬ ಸದ್ದು ಚಕ್ಕುಲಿಯದಾಗಿರಲಿಲ್ಲ. ಹಲ್ಲಿನ ಅರ್ಧ ನಾಲಿಗೆಯ ಮೇಲೆ ಬಂತು. ಕರವಸ್ತ್ರದಲ್ಲಿ ಕಟ್ಟಿಟ್ಟೆ.

ಲವಂಗ ಇಟ್ಟುಕೊಂಡಿದ್ದೇನೆ. ಸ್ವಲ್ಪ ಜುಮ್ಮೆನ್ನುತ್ತದೆ, ಅಷ್ಟೆ. ಯಾರಿಗೂ ಹೇಳುವ ಅಗತ್ಯವಿಲ್ಲ.

ಆಗಸ್ಟ್ ೨೮

ಬೆಳಿಗ್ಗೆ ಉಜ್ಜುವಾಗ ನಾನು ಎಡಗಡೆ ಬಿಟ್ಟುಬಿಟ್ಟೆ. ಟೈಲ್ಸ್ ನೋಡುತ್ತಿದ್ದ ನನ್ನನ್ನು ಯಕ್ಷಿತಾ ನೋಡುತ್ತಿದ್ದಳು. "ಅಜ್ಜ, ದುಖತಾ ಹೈ?" ಎಂದು ಮೆಲ್ಲಗೆ ಕೇಳಿದಳು. ನೋವಿಲ್ಲ ಎಂದೆ. "ನಾನು ಯಾರಿಗೂ ಹೇಳಲ್ಲ," ಎಂದಳು.

ಆಗಸ್ಟ್ ೩೦

ಗಂಜಿ. ಮಜ್ಜಿಗೆ. ಗಂಜಿ.

ಆಗಸ್ಟ್ ೩೧, ಶನಿವಾರ

ಮಲಗಿ ಎಂದಳು ರಾಜೀವಿ. ಆದರೂ ಬರೆಯುತ್ತೇನೆ.

ಹೊರಡುವಾಗ ಯಕ್ಷಿತಾ ಬಾಗಿಲಲ್ಲಿ ಕೂತುಬಿಟ್ಟಳು. "ಅಜ್ಜ ಬಂದರೆ ಬರ್ತೇನೆ." ಸೊಸೈಟಿಯ ಮೀಟಿಂಗ್ ಇವತ್ತು ಇರಲಿಲ್ಲ. ಬೇರೆ ಯಾವುದೂ ನೆನಪಿಗೆ ಬರಲಿಲ್ಲ.

ಕ್ಲಿನಿಕ್ಕಿನಲ್ಲಿ ಲವಂಗದ ವಾಸನೆಗೆ ಕಾಲು ಹಿಂದಕ್ಕೆ ಬಂತು. ಡಾಕ್ಟರ್ ಮಾಧುರಿ ಇನ್ನೂ ನಲವತ್ತು ತುಂಬದವರು. ಯಕ್ಷಿತಾಳಿಗೆ ಮರಾಠಿಯಲ್ಲಿ ಏನೋ ತಮಾಷೆ ಮಾಡಿ ಕುರ್ಚಿ ತೋರಿಸಿದರು. ಅವಳು ಕದಲಲಿಲ್ಲ. ಶ್ರೇಯಾ ಪರ್ಸಿನ ಜಿಪ್ಪನ್ನು ಎಳೆಯುತ್ತ, ಮುಚ್ಚುತ್ತ ಇದ್ದಳು. ಆಸ್ಪತ್ರೆಯ ಚೀಟಿ ಮೇಜಿನ ಮೇಲೆ ತಯಾರಿತ್ತು, ತಾರೀಖು ಮಾತ್ರ ಬರೆಯಬೇಕಿತ್ತು.

ಯಕ್ಷಿತಾ ನನ್ನ ಕೈ ಎಳೆದು, "ಪೆಹಲೇ ಅಜ್ಜ, ಮತ್ತೆ ನಾನು," ಎಂದಳು.

"ಅಜ್ಜನಿಗೆ ಏನೂ ಆಗಿಲ್ಲ ಪುಟ್ಟಿ," ಎಂದ ಹಿತೇಶ.

ಅವಳು ನನ್ನ ಮುಖವನ್ನೇ ನೋಡಿದಳು. ಯಾರಿಗೂ ಹೇಳುವುದಿಲ್ಲ ಎಂದಿದ್ದಳು; ಹೇಳಲಿಲ್ಲ. ನಾನೇ ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಡಾಕ್ಟರ ಕೈಗೆ ಕೊಟ್ಟೆ.

"ಅಪ್ಪ! ಯಾವಾಗ ಆಯ್ತು ಇದು?"

"ಚಕ್ಕುಲಿ," ಎಂದೆ.

ಕುರ್ಚಿ ಹಿಂದಕ್ಕೆ ವಾಲಿತು. ದೀಪ ಮುಖದ ಮೇಲೆ ಬಂತು. ಎಲ್ಲರೂ ನನ್ನ ಬಾಯಿಯೊಳಗೆ ನೋಡುತ್ತಿದ್ದರು. ಯಕ್ಷಿತಾ ಮಾತ್ರ ನೋಡಲಿಲ್ಲ. ನನ್ನ ಪಕ್ಕ ಸ್ಟೂಲಿನ ಮೇಲೆ ಕೂತು, ಗೋಡೆಯ ಟೈಲ್ಸ್ ನೋಡುತ್ತ, ನನ್ನ ಹೆಬ್ಬೆರಳು ಹಿಡಿದುಕೊಂಡು, ಮಗರೂವಿನ ಹಾಡು ಗುನುಗುತ್ತಿದ್ದಳು.

ಉಳಿಸಿಕೊಳ್ಳುವ ಹಲ್ಲಲ್ಲ ಎಂದರು ಡಾಕ್ಟರು. ತೆಗೆದರು. ನಾನು ಕೂಗಿದೆನೋ ಇಲ್ಲವೋ ಯಾರನ್ನೂ ಕೇಳಿಲ್ಲ.

ನಾನಿಳಿದ ಕುರ್ಚಿ ಇನ್ನೂ ಬೆಚ್ಚಗಿರುವಾಗಲೇ ಅವಳು ಹತ್ತಿದಳು. ನಾನು ಸ್ಟೂಲಿಗೆ ಹೋದೆ. ಬಾಯಲ್ಲಿ ಹತ್ತಿ, ಹಾಡಲಾಗಲಿಲ್ಲ, ಮೂಗಿನಲ್ಲೇ ಹೂಂಗುಟ್ಟಿದೆ. ಟೈಲ್ಸ್ ನೋಡಿದೆ. ನೀಲಿ ಹೂವಿನ ಟೈಲ್ಸ್. ಡ್ರಿಲ್ಲಿನ ಸದ್ದು ಶುರುವಾದಾಗ ಹೆಬ್ಬೆರಳನ್ನು ಬಿಗಿಯಾಗಿ ಹಿಡಿದಳು. ಆಮೇಲೆ ಸದ್ದು ನಿಂತಿತು.

"ಝಾಲಂ!" ಎಂದರು ಡಾಕ್ಟರು. ಆಯಿತು. ಚುಕ್ಕೆ ಆಳಕ್ಕೆ ಇಳಿದಿರಲಿಲ್ಲ. ಎಷ್ಟು ವರ್ಷ ಬಾಳೀತು ಎಂದು ಸನ್ನೆಯಲ್ಲಿ ಕೇಳಿದೆ. "ಉಜ್ಜುತ್ತಿದ್ದರೆ, ನಿಮ್ಮ ವಯಸ್ಸಿಗೂ ಇರ್ತದೆ ಕಾಕಾ."

ಹಿತೇಶ ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕಸದ ಬುಟ್ಟಿಗೆ ಹಾಕಿದ. ಮತ್ತೆ ಬಗ್ಗಿ ಒಳಗೆ ಬಿದ್ದಿದೆಯೇ ಎಂದು ನೋಡಿದ.

ಸೆಪ್ಟೆಂಬರ್ ೧, ಭಾನುವಾರ

ಕೆನ್ನೆ ಊದಿದೆ. ಬಾಯಿ ತೆರೆದು ಮಾತಾಡುವ ಹಾಗಿಲ್ಲ, ಮನೆಯವರು ಸುಖವಾಗಿದ್ದಾರೆ.

ಬೆಳಿಗ್ಗೆ ಯಕ್ಷಿತಾ ಮೊಬೈಲ್ ಹಿಡಿದು ಬಂದಳು. "ಅಜ್ಜ, ನಿಮ್ದು ಪ್ರೊಫೈಲ್ ಮಾಡೋಣ. ಏಜ್ ಎಷ್ಟು?" ಏಳು, ಒಂದು ಎಂದು ಬೆರಳಲ್ಲಿ ತೋರಿಸಿದೆ. ಅವಳು ಪರದೆಯನ್ನು ಮೇಲೆ ತಳ್ಳಿದಳು, ಕೆಳಗೆ ತಳ್ಳಿದಳು. ಹನ್ನೆರಡರ ಮೇಲೆ ವಯಸ್ಸೇ ಇಲ್ಲ.

"ಬಾರಾ ಡಾಲೂಂ?"

ಹನ್ನೆರಡು ಒತ್ತಿದರೆ ಬಂದ ಬಾಯಿಯಲ್ಲಿ ಇಪ್ಪತ್ತೆಂಟು ಹಲ್ಲು. ಇಲ್ಲದ ಹಲ್ಲಿನ ಮೇಲೆಲ್ಲ ಹುಳ ಕುಣಿಯುತ್ತವೆ. ನಾನು ಯಾವುದನ್ನು ಉಜ್ಜಿ ಕೊಲ್ಲಲಿ? ಮೊಬೈಲ್ ತೆಗೆದುಕೊಂಡು ಒಂದೊಂದೇ ವಯಸ್ಸು ಇಳಿಯುತ್ತ ಬಂದೆ. ನಾಲಿಗೆಯಿಂದ ನನ್ನವನ್ನು ಎಣಿಸಿದೆ. ನಿನ್ನೆಯವರೆಗೆ ಇಪ್ಪತ್ತೊಂದು. ಇವತ್ತು ಸರಿಯಾಗಿ ಇಪ್ಪತ್ತು.

ನಾಲ್ಕು ಎಂದು ಒತ್ತಿದೆ.

ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ರಾಜೀವಿ ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ.

"ಆಗಲಿ ಮಾರಾಯ್ರೆ," ಎಂದಳು. "ಇನ್ನು ನಿಮಗೆ ಹಾಫ್ ಟಿಕೆಟ್ಟೂ ಬೇಡ."